ಮುಕ್ಕಾಲು ಲೀಟರ್ ನೀರು

ಬೆಡ್ ನಂಬರ್ ನಾಲ್ಕರ ಫೈಲಿನ ಮೇಲೆ ‘ಗೋವಿಂದಮ್ಮ, ಐವತ್ತೆಂಟು ವರ್ಷ, ಹಲಸೂರು’ ಎಂದು ಓದಿದಾಗ ಮೋನಿಷಾಗೆ ಮೊದಲು ಬಂದದ್ದು ನಗು. ಅಳು ಬಂದಿದ್ದರೆ ಒಳ್ಳೆಯ ಹುಡುಗಿ ಎನ್ನಬಹುದಿತ್ತು. ಬಂದದ್ದು ನಗು, ಅದೂ ಮಾಸ್ಕಿನ ಒಳಗೆ, ಯಾರಿಗೂ ಕಾಣದ ಹಾಗೆ.

ಫೈಲು ತಿರುವಿದಳು. ಎರಡೂ ಕಿಡ್ನಿ ಕೈಕೊಟ್ಟು ಮೂರು ವರ್ಷ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಈಗ ಹೃದಯದ ಮೂರು ರಕ್ತನಾಳಗಳೂ ಕಟ್ಟಿಕೊಂಡಿವೆ. ಬುಧವಾರ ಬೈಪಾಸ್ ಆಪರೇಷನ್. ನೀರು, ಕಾಫಿ, ಸಾರು ಎಲ್ಲ ಸೇರಿ ದಿನಕ್ಕೆ ಮುಕ್ಕಾಲು ಲೀಟರ್ ಮಾತ್ರ.

ಆ ಕೊನೆಯ ಸಾಲನ್ನು ಅವಳು ಎರಡು ಸಲ ಓದಿದಳು. ಇಂದಿರಾನಗರದ ಆ ಆಸ್ಪತ್ರೆಯಲ್ಲಿ ಕಿಡ್ನಿಯೂ ಹೃದಯವೂ ಎರಡೂ ಕೆಟ್ಟವರು ಬಂದರೆ ಮೋನಿಷಾಗೇ ಒಪ್ಪಿಸುವುದು ರೂಢಿ. ಡಯಾಲಿಸಿಸ್ ಯೂನಿಟ್ಟಿನಲ್ಲೂ ಐಸಿಯುನಲ್ಲೂ ಪಳಗಿದ ಕೈ ಅವಳದು. ಇನ್ನು ಹತ್ತು ದಿನ ಹಗಲು ಪಾಳಿಯಲ್ಲಿ ಗೋವಿಂದಮ್ಮನಿಗೆ ನೀರು ಅಳೆದು ಕೊಡುವವಳು ಅವಳೇ.

“ಏನ್ ಮೋನಿ, ಆ ಫೈಲನ್ನ ಹಂಗೆ ನೋಡ್ತಿದೀಯ? ಗೊತ್ತಿರೋರಾ?” ಹೆಡ್ ನರ್ಸ್ ಅಣ್ಣಮ್ಮ ಕೇಳಿದರು.

“ಚೆನ್ನಾಗಿ ಗೊತ್ತಿರೋರು ಸಿಸ್ಟರ್.”

“ಕಷ್ಟ ಆಗುತ್ತೆ ಅಂದ್ರೆ ಬೇರೆಯವ್ರಿಗೆ ಕೊಡ್ತೀನಿ.”

“ಅಯ್ಯೋ, ಬೇಡಿ. ಇವರಿಗೋಸ್ಕರ ಐದು ವರ್ಷದಿಂದ ಕಾಯ್ತಿದೀನಿ.”

ಅಣ್ಣಮ್ಮ ಅದನ್ನು ತಮಾಷೆ ಎಂದುಕೊಂಡು ನಕ್ಕು ಹೋದರು.

ತಮಾಷೆಯಲ್ಲ. ಐದು ವರ್ಷದ ಹಿಂದೆ ಒಂದು ಏಪ್ರಿಲ್ ಭಾನುವಾರ, ಜೋಗುಪಾಳ್ಯದ ಅವಳ ಮನೆಗೆ ಇದೇ ಗೋವಿಂದಮ್ಮ ಮಗ ಸೂರ್ಯನ ಜೊತೆ ಮದುವೆ ಮಾತಿಗೆ ಬಂದಿದ್ದಳು. ಮೋನಿಷಾಳ ಅಪ್ಪ ಮುನಿಶಾಮಿ ನೀರಿನ ಬೋರ್ಡಿನಲ್ಲಿ ವಾಲ್ವ್ ತಿರುಗಿಸುವ ಕೆಲಸದವರು. ಆಳೆತ್ತರದ ಕಬ್ಬಿಣದ ಕೀ ಹೆಗಲ ಮೇಲಿಟ್ಟುಕೊಂಡು ಮೂವತ್ತು ವರ್ಷ ಹಲಸೂರಿನ ಬೀದಿ ಬೀದಿಗೆ ನೀರು ಬಿಟ್ಟವರು. ಬೀಗರು ಬರುತ್ತಾರೆಂದು ಅವರು ಶಿವಾಜಿನಗರಕ್ಕೆ ಹೋಗಿ ಎರಡು ಹೊಸ ಸ್ಟೀಲ್ ಲೋಟ ತಂದು, ಅದರ ಮೇಲೆ ತಮ್ಮ ಹೆಸರು ಕೆತ್ತಿಸಿದ್ದರು.

ಒಳಗೆ ಬಂದ ಗೋವಿಂದಮ್ಮ ಗೋಡೆ ನೋಡಿದಳು. ಒಂದು ಕಡೆ ಬುದ್ಧನ ಪಟ, ಪಕ್ಕದಲ್ಲಿ ನೀಲಿ ಕೋಟಿನ ಫೋಟೊ. ಯಾವ ಜಾತಿಯ ಮನೆಗೆ ಬಂದಿದ್ದೇನೆಂದು ತಿಳಿಯಲು ಅಷ್ಟು ಸಾಕಾಯಿತು. ಕುರ್ಚಿಯ ತುದಿಯಲ್ಲಿ ಕೂತಳು. ಬಿಸಿಲಲ್ಲಿ ನಡೆದು ಬಂದ ಮುಖದಿಂದ ಬೆವರು ಇಳಿಯುತ್ತಿತ್ತು. ಮುನಿಶಾಮಿ ತಾವೇ ಬಗ್ಗಿ ಲೋಟ ಮುಂದಿಟ್ಟರು.

“ಬಾಯಾರಿಕೆ ಇಲ್ಲ,” ಎಂದಳು ಗೋವಿಂದಮ್ಮ.

ಸೂರ್ಯನ ಲೋಟ ತುಟಿಯವರೆಗೆ ಹೋಗಿತ್ತು. ಅಮ್ಮ ಒಂದು ಸಲ ತಿರುಗಿ ನೋಡಿದ್ದೇ ತಡ, ಅದು ಹಾಗೇ ಕೆಳಗಿಳಿಯಿತು. ಐದು ನಿಮಿಷದಲ್ಲಿ ಇಬ್ಬರೂ ಎದ್ದು ಹೋದರು. ಬಾಗಿಲಲ್ಲಿ ನಿಂತ ಮೋನಿಷಾ ನೋಡುತ್ತಿದ್ದ ಹಾಗೇ, ಎದುರಿನ ಅಂಗಡಿಯಲ್ಲಿ ಗೋವಿಂದಮ್ಮ ಸೋಡಾ ಒಡೆಸಿ, ತಲೆ ಎತ್ತಿ, ಗಟಗಟ ಕುಡಿದಳು. ಅದನ್ನು ಮುನಿಶಾಮಿಯೂ ನೋಡಿದರು. ಅವರು ಅವತ್ತು ರಾತ್ರಿ ಊಟ ಮಾಡಲಿಲ್ಲ. ಗೋವಿಂದಮ್ಮನ ಮನೆಯ ನಲ್ಲಿಗೆ ಅಷ್ಟು ವರ್ಷ ನೀರು ಬಿಟ್ಟದ್ದು ಅದೇ ಕೈ ಎಂದು ಅವರಾಗಿ ಒಂದು ದಿನವೂ ಹೇಳಲಿಲ್ಲ. ಹೇಳದಿದ್ದದ್ದೇ ಮಗಳ ಹೊಟ್ಟೆಯಲ್ಲಿ ಕೆಂಡವಾಗಿ ಕೂತಿತ್ತು.

ಸೂರ್ಯ ಆಮೇಲೆ ನೂರು ಸಲ ಫೋನ್ ಮಾಡಿದ. ಅವಳು ಒಂದನ್ನೂ ಎತ್ತಲಿಲ್ಲ.

ಈಗ ವಾರ್ಡಿನ ಬಾಗಿಲಲ್ಲಿ, ಕೈಯಲ್ಲಿ ಔಷಧಿ ಚೀಟಿ ಹಿಡಿದು, ಅವನೇ ನಿಂತಿದ್ದ. ಬೆರಳಲ್ಲಿ ಅದೇ ಸೂಜಿ ಗಾಯದ ಗುರುತು, ಅಂಗಿಗೆ ಅದೇ ರೆಕ್ಸಿನ್ ವಾಸನೆ. ಶಿವಾಜಿನಗರದಲ್ಲಿ ಬೈಕು, ಕಾರುಗಳಿಗೆ ಸೀಟ್ ಕವರ್ ಹೊಲಿಯುವ ಅಂಗಡಿ ಅವನದು. ಮಾಸ್ಕಿನ ಮೇಲೆ ಕಾಣುವ ಎರಡು ಕಣ್ಣಿನಲ್ಲೇ ಗುರುತು ಹಿಡಿದುಬಿಟ್ಟ.

“ಮೋನಿ?”

“ಸಿಸ್ಟರ್ ಅನ್ನಿ.”

“ನೀನು ಇಲ್ಲೇ...”

“ಪೇಷೆಂಟ್ ಕಡೆಯೋರೆಲ್ಲ ನಾಲ್ಕು ಗಂಟೆಗೆ ಬರಬೇಕು. ಈಗ ಆಚೆ ನಡೀರಿ.”

ಅವನು ಆಚೆ ಹೋದ. ಹೋಗುವಾಗ ಎರಡು ಸಲ ತಿರುಗಿ ನೋಡಿದ. ಅವಳು ನೋಡಲಿಲ್ಲ, ಆದರೆ ಎರಡು ಸಲ ಎಂದು ಲೆಕ್ಕ ಸಿಕ್ಕಿದ್ದು ಹೇಗೋ ಗೊತ್ತಿಲ್ಲ. ಎದೆ ಹಳೆಯ ಚಾಳಿಯನ್ನು ಬಿಟ್ಟಿರಲಿಲ್ಲ. ಅದಕ್ಕೂ ಸೇರಿಸಿ ಅವಳಿಗೆ ಸಿಟ್ಟು ಬಂತು.

ಆಪರೇಷನ್ನಿನ ಹಿಂದಿನ ದಿನ ಮೋನಿಷಾ ಗೋವಿಂದಮ್ಮನ ಎಡಗೈಗೆ ಕೆಂಪು ಪಟ್ಟಿ ಕಟ್ಟಿದಳು. ಡಯಾಲಿಸಿಸ್ಸಿಗೆಂದು ರಕ್ತನಾಳ ಜೋಡಿಸಿದ ಕೈ ಅದು. ಆ ಕೈಗೆ ಬಿಪಿ ನೋಡುವಂತಿಲ್ಲ, ಸೂಜಿ ಚುಚ್ಚಿ ರಕ್ತ ತೆಗೆಯುವಂತಿಲ್ಲ. ಮಣಿಕಟ್ಟಿನ ಮೇಲೆ ಬೆರಳಿಟ್ಟರೆ ಚರ್ಮದಡಿ ರಕ್ತ ಝುಮ್ಮೆಂದು ಹರಿಯುವುದು ತಿಳಿಯಬೇಕು. ಆ ಝುಮ್ಮು ನಿಂತರೆ ಕೈ ಕೆಟ್ಟಿತು ಎಂದರ್ಥ. ಪಾಳಿಯಲ್ಲಿ ಮತ್ತೆ ಮತ್ತೆ ಮುಟ್ಟಿ ನೋಡುವುದು ನರ್ಸಿನ ಕೆಲಸ.

ಮೋನಿಷಾ ಬೆರಳಿಟ್ಟಳು. ಇನ್ನೊಂದು ಕೈಯಿಂದ ಮಾಸ್ಕನ್ನು ಒಂದು ಗಳಿಗೆ ಕೆಳಗೆಳೆದಳು.

“ಗುರುತು ಸಿಕ್ತಾ ಅಮ್ಮ? ಜೋಗುಪಾಳ್ಯ. ನೀರು ಬಿಡೋ ಮುನಿಶಾಮಿ ಮಗಳು.”

ಗೋವಿಂದಮ್ಮನ ಮುಖ ಬಿಳುಚಿತು. ಕೈ ಎಳೆದುಕೊಳ್ಳಲು ಹೋದಳು. ಮೋನಿಷಾ ಬಿಡಲಿಲ್ಲ.

“ಎಳೀಬೇಡಿ. ಇದು ನಿಮ್ಮ ಜೀವ ಇರೋ ಕೈ. ದಿನಾ ನಾನೇ ಮುಟ್ಟೋದು.”

“ಬೇರೆ ಸಿಸ್ಟರ್ ಇಲ್ವಾ?”

“ಇದಾರೆ. ನನ್ನಷ್ಟು ಚೆನ್ನಾಗಿ ನೋಡ್ಕೊಳಲ್ಲ.”

ಅದು ಸುಳ್ಳಲ್ಲ. ಅದೇ ಅವಳ ಸೇಡಿನ ಸೊಗಸು. ಒಂದು ತಪ್ಪೂ ಮಾಡದೆ, ಒಂದು ನಿಯಮವನ್ನೂ ಮುರಿಯದೆ, ಈ ಹೆಂಗಸನ್ನು ತನ್ನ ಕೈಯಡಿ ಹತ್ತು ದಿನ ಇಟ್ಟುಕೊಳ್ಳುವುದು.

ಆಪರೇಷನ್ ಚೆನ್ನಾಗಿಯೇ ಆಯಿತು. ಮರುದಿನ ಗಂಟಲ ಪೈಪು ತೆಗೆದರು, ಡಯಾಲಿಸಿಸ್ ಮಾಡಿಸಿದರು. ಆಮೇಲೆ ಶುರುವಾಯಿತು ದಾಹ. ಇಂಥ ಪೇಷೆಂಟುಗಳ ದಾಹವನ್ನು ನೋಡಿಯೇ ತಿಳಿಯಬೇಕು. ನಾಲಿಗೆ ಮರದ ಚೂರಿನಂತಾಗಿರುತ್ತದೆ, ಕಣ್ಣು ಡ್ರಿಪ್ ಬಾಟಲಿಯನ್ನೂ ಆಸೆಯಿಂದ ನೋಡುತ್ತಿರುತ್ತದೆ.

ಮೋನಿಷಾ ಮೂವತ್ತು ಎಂಎಲ್ಲಿನ ಪುಟ್ಟ ಪ್ಲಾಸ್ಟಿಕ್ ಕಪ್ಪು ತಂದಳು. ಗೋವಿಂದಮ್ಮನ ಕಣ್ಣೆದುರೇ, ಸದ್ದು ಕೇಳುವ ಹಾಗೆ, ನಿಧಾನವಾಗಿ ನೀರು ಸುರಿದಳು. ಗೆರೆ ನೋಡಿ, ಒಂದು ತೊಟ್ಟು ಹೆಚ್ಚಾದದ್ದನ್ನು ಮತ್ತೆ ಜಗ್ಗಿಗೆ ಚೆಲ್ಲಿದಳು. ಅದನ್ನು ಮಾಡಲೇಬೇಕೆಂದೇನೂ ಇರಲಿಲ್ಲ.

“ತಗೊಳಿ.”

ಗೋವಿಂದಮ್ಮ ಕಪ್ಪು ನೋಡಿದಳು. ಅದನ್ನು ಹಿಡಿದ ಕೈ ನೋಡಿದಳು. ಒಡೆದ ತುಟಿಯನ್ನು ಬಿಗಿಯಾಗಿ ಮುಚ್ಚಿ, ಮುಖ ಗೋಡೆಗೆ ತಿರುಗಿಸಿದಳು.

“ಬಾಯಾರಿಕೆ ಇಲ್ಲ.”

ಅದೇ ಮಾತು, ಅದೇ ದನಿ. ಎದೆ ಸೀಳಿ ಹೊಲಿದರೂ ಒಳಗಿದ್ದದ್ದು ಬದಲಾಗಿರಲಿಲ್ಲ. ಮೋನಿಷಾ ಒಂದು ಗಂಟೆ ಕಪ್ಪನ್ನು ಅಲ್ಲೇ ಇಟ್ಟು, ಆಮೇಲೆ ಸಿಂಕಿಗೆ ಚೆಲ್ಲಿ, ಚಾರ್ಟಿನಲ್ಲಿ ಸೊನ್ನೆ ಬರೆದಳು. ಮುಂದಿನ ಗಂಟೆಯೂ ಸೊನ್ನೆ, ಅದರ ಮುಂದಿನದೂ. ರಾತ್ರಿ ಪಾಳಿಯ ಸಿಸ್ಟರ್ ಕೊಟ್ಟರೆ ಮಾತ್ರ ಗೋವಿಂದಮ್ಮ ಕುಡಿಯುತ್ತಿದ್ದಳು. ಹಗಲೆಲ್ಲ ಒಣಗಿಕೊಂಡಿರುತ್ತಿದ್ದಳು. ಸಾಯುವ ದಾಹದಲ್ಲೂ ತನ್ನ ಕೈ ನೀರು ಬೇಡವೆಂದರೆ ಮೋನಿಷಾಳ ಮೈ ಉರಿಯುತ್ತಿತ್ತು. ಸೇಡು ತೀರಿಸಿಕೊಳ್ಳಲು ಬಂದವಳೇ ಎರಡನೆಯ ಸಲ ಸೋಲುತ್ತಿದ್ದಳು.

ನಾಲ್ಕನೆಯ ದಿನ ಗೋವಿಂದಮ್ಮನನ್ನು ಐಸಿಯುನಿಂದ ವಾರ್ಡಿಗೆ ತಂದರು. ಕೆಮ್ಮಿದಾಗ ಎದೆಗೆ ಒತ್ತಿಕೊಳ್ಳಲು ದಿಂಬು ಬೇಕೆಂದಾಗ, ಸೂರ್ಯ ಅಂಗಡಿಯಲ್ಲಿ ತಾನೇ ಒಂದು ಹೊಲಿದು ತಂದಿದ್ದ. ಅದರ ಮೂಲೆಯಲ್ಲಿ ಕೆಂಪು ದಾರದ ಒಂದು ಸಣ್ಣ ಹೂ. ಮೋನಿಷಾ ಅದನ್ನು ಕಂಡು ತಟಕ್ಕನೆ ಬೇರೆ ಕಡೆ ನೋಡಿದಳು. ಅವಳ ಸ್ಕೂಟಿಯ ಸೀಟಿನ ಅಡಿಯಲ್ಲೂ ಅಂಥದೇ ಹೂ ಇತ್ತು. ಹರಿದ ಸೀಟು ಹೊಲಿಸಲು ಹೋದಲ್ಲೇ ಅವನ ಪರಿಚಯವಾದದ್ದು, ಅವನು ಹೇಳದೆ ಹೊಲಿದಿದ್ದ ಆ ಹೂ ಕಂಡದ್ದು ಮೂರು ತಿಂಗಳ ನಂತರ.

“ಸೂರ್ಯ ಅವ್ರೇ, ಸರಿಯಾಗಿ ಕೇಳಿಸ್ಕೊಳಿ,” ಎಂದಳು ಬಿರುಸಾಗಿ. “ಹಣ್ಣಿನ ರಸ ಇಲ್ಲ, ಎಳನೀರು ಇಲ್ಲ. ಅದರಲ್ಲಿ ಪೊಟ್ಯಾಸಿಯಂ ಇರುತ್ತೆ. ಕಿಡ್ನಿ ಇಲ್ಲದೋರಿಗೆ ಅದು ಹಾರ್ಟ್ ನಿಲ್ಲಿಸ್ಬಿಡುತ್ತೆ. ಅರ್ಥ ಆಯ್ತಾ?”

“ಆಯ್ತು. ಮೋನಿ, ಒಂದ್ ಮಾತು...”

“ನನ್ನ ಹತ್ರ ಪೇಷೆಂಟ್ ವಿಷಯ ಬಿಟ್ಟು ಬೇರೆ ಮಾತಿಲ್ಲ.”

ಅವತ್ತು ಸಂಜೆ ಭೇಟಿಯ ಸಮಯ ಮುಗಿದು ಅರ್ಧ ಗಂಟೆಯಾಗಿತ್ತು. ಮೋನಿಷಾ ಮಾತ್ರೆ ಎಣಿಸುತ್ತಿದ್ದವಳು ಸುಮ್ಮನೆ ತಲೆಯೆತ್ತಿದಳು. ನಾಲ್ಕನೆಯ ಮಾನಿಟರಿನ ಗೆರೆ ಸರಿಯಿರಲಿಲ್ಲ. ಅಲೆಗಳು ಡೇರೆಯ ಹಾಗೆ ಚೂಪಾಗಿ ಮೇಲೆದ್ದಿದ್ದವು. ನಾಡಿ ನಲವತ್ತಾರು, ನಲವತ್ತೆರಡು.

ಬೇರೆ ಯಾರೂ ನೋಡಿರಲಿಲ್ಲ. ಏನೂ ಮಾಡಬೇಕಾಗಿರಲಿಲ್ಲ, ಮತ್ತೆ ತಲೆ ತಗ್ಗಿಸಿ ಮಾತ್ರೆ ಎಣಿಸಿದ್ದರೆ ಸಾಕಿತ್ತು. ಆ ಯೋಚನೆ ಬಂತು, ಬರಲಿಲ್ಲ ಎಂದರೆ ಸುಳ್ಳಾದೀತು. ಅಷ್ಟರಲ್ಲಿ ಕಾಲು ಓಡಿಯಾಗಿತ್ತು.

“ಡಾಕ್ಟರನ್ನ ಕರೀರಿ! ಪೊಟ್ಯಾಸಿಯಂ ಜಾಸ್ತಿಯಾಗಿದೆ! ಡಯಾಲಿಸಿಸ್ ಮೆಷಿನ್ ತರಿಸಿ!”

ಡಾಕ್ಟರ್ ಕೆಂಪರಾಜ್ ಓಡಿಬಂದು ಹೇಳುತ್ತಿದ್ದಂತೆ ಅವಳು ಇಂಜೆಕ್ಷನ್ ಕೊಡುತ್ತ ಹೋದಳು. ಗೋವಿಂದಮ್ಮನ ಕಣ್ಣು ಮೇಲೆ ತೇಲುತ್ತಿತ್ತು. ಮೋನಿಷಾ ಬಗ್ಗಿ ಅವಳ ಕಿವಿಯ ಹತ್ತಿರ ಹಲ್ಲು ಕಚ್ಚಿ ಹೇಳಿದಳು, “ನೀವು ಸಾಯೋ ಹಾಗಿಲ್ಲ. ನಮ್ಮನೇಲಿ ನೀರು ಕುಡೀದೆ ನೀವು ಸಾಯೋ ಹಾಗೇ ಇಲ್ಲ.”

ಹತ್ತು ನಿಮಿಷದಲ್ಲಿ ಗೆರೆ ಮೆಲ್ಲಗೆ ತಗ್ಗಿತು. ಮೆಷಿನ್ ಬಂದು ರಕ್ತ ಶುದ್ಧಿಯಾಗತೊಡಗಿತು. ಗೋವಿಂದಮ್ಮ ಕಣ್ಣು ಬಿಟ್ಟಳು. ಆಗ ಶುರುವಾಯಿತು ವಿಚಾರಣೆ.

“ಪೊಟ್ಯಾಸಿಯಂ ಏಳು ದಾಟಿದೆ. ಚಾರ್ಟಲ್ಲಿ ನೋಡಿದ್ರೆ ಬೆಳಗಿಂದ ಸೊನ್ನೆ. ಹೇಗೆ ಸಾಧ್ಯ?” ಕೆಂಪರಾಜ್ ಗುಡುಗಿದರು. “ಏನಮ್ಮಾ, ಏನ್ ಕುಡಿದ್ರಿ? ಯಾರು ಕೊಟ್ರು?”

ಗೋವಿಂದಮ್ಮ ಸುತ್ತ ನೋಡಿದಳು. ಕರೆಸಿದ್ದ ಸೂರ್ಯ ಮಂಚದ ಕಾಲಬುಡದಲ್ಲಿ ನಿಂತಿದ್ದ. ಮಗನ ಮುಖ ನೋಡಿದ್ದೇ ಅವಳ ಬೆರಳು ಮೇಲೆದ್ದು ಮೋನಿಷಾ ಕಡೆ ತಿರುಗಿತು.

“ಈ ಸಿಸ್ಟರೇ... ಏನೋ ಕುಡಿಸಿದ್ಲು.”

ಅಣ್ಣಮ್ಮ ಮೋನಿಷಾಳತ್ತ ತಿರುಗಿದರು. ‘ಇವರಿಗೋಸ್ಕರ ಐದು ವರ್ಷದಿಂದ ಕಾಯ್ತಿದೀನಿ’ ಎಂಬ ಮಾತು ಅವರಿಗೆ ನೆನಪಾದದ್ದು ಅವರ ಕಣ್ಣಲ್ಲೇ ಕಾಣುತ್ತಿತ್ತು. ಸೊನ್ನೆ ಬರೆದ ಕೈಬರಹವೂ ಮೋನಿಷಾಳದೇ. ಕೆಲಸ ಹೋಗುವುದು ಹಾಗಿರಲಿ, ಇನ್ನು ಯಾವ ಆಸ್ಪತ್ರೆಯಲ್ಲೂ ಯಾರ ಕೈಯನ್ನೂ ಮುಟ್ಟಲು ಬಿಡುವುದಿಲ್ಲ.

ಅವಳು ಸೂರ್ಯನನ್ನೇ ನೋಡುತ್ತಿದ್ದಳು. ಅಮ್ಮ ಅವನ ಕಡೆ ತಿರುಗಿ, ಐದು ವರ್ಷದ ಹಿಂದಿನ ಅದೇ ನೋಟ ನೋಡಿದಳು. ಈಗ ಲೋಟ ಕೆಳಗಿಳಿಯುತ್ತದೆ ಎಂದುಕೊಂಡಳು ಮೋನಿಷಾ.

“ಅಮ್ಮ, ಸುಳ್ಳು ಹೇಳ್ಬೇಡ.”

ದನಿ ಸಣ್ಣದಿತ್ತು. ಎರಡನೆಯ ಸಲ ದೊಡ್ಡದಾಯಿತು.

“ಡಾಕ್ಟ್ರೇ, ಸಿಸ್ಟರ್ ಏನೂ ಕೊಟ್ಟಿಲ್ಲ. ನಾನು ಕೊಟ್ಟಿದ್ದು. ಎಳನೀರು, ಎರಡು ಕಾಯಿದು.” ಚೀಲದಿಂದ ನೀಲಿ ಫ್ಲಾಸ್ಕು ತೆಗೆದು ಮೇಜಿನ ಮೇಲಿಟ್ಟ. “ಬೇಡ ಅಂತ ಇವ್ರು ಬಿಡಿಸಿ ಹೇಳಿದ್ರು. ಅಮ್ಮ ದಾಹ ಅಂತ ಅತ್ಲು, ನಂಗೆ ಇಲ್ಲ ಅನ್ನೋಕಾಗ್ಲಿಲ್ಲ. ಎಳನೀರು ತಂಪು, ಏನಾಗುತ್ತೆ ಅಂತ ಕೊಟ್ಬಿಟ್ಟೆ. ತಪ್ಪೆಲ್ಲ ನಂದು. ಪೊಲೀಸ್ಗೆ ಬೇಕಾದ್ರೂ ಕೊಡಿ.”

ಕೆಂಪರಾಜ್ ಅವನಿಗೆ ಬೈದ ಬೈಗುಳವನ್ನು ಇಲ್ಲಿ ಬರೆಯುವುದು ಬೇಡ. ಅಣ್ಣಮ್ಮ ಬಂದು ಮೋನಿಷಾಳ ಭುಜ ಹಿಡಿದರು. ಗೋವಿಂದಮ್ಮ ದಿಂಬಿನಲ್ಲಿ ಮುಖ ಮುಚ್ಚಿಕೊಂಡಳು.

ಪಾಳಿ ಮುಗಿಸಿ ಪಾರ್ಕಿಂಗಿಗೆ ಬಂದಾಗ ಸೂರ್ಯ ಅವಳ ಸ್ಕೂಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ.

“ಸೀಟು ಬದಲಾಯಿಸೇ ಇಲ್ಲ,” ಎಂದ.

“ಹೊಲಿಗೆ ಗಟ್ಟಿ ಇತ್ತು. ಹೊಲಿದೋನು ಗಟ್ಟಿ ಇರ್ಲಿಲ್ಲ.”

ಅವನು ತಲೆ ತಗ್ಗಿಸಿದ. ಅವಳು ಕೀಲಿ ಹಾಕಲಿಲ್ಲ, ಹೊರಡಲೂ ಇಲ್ಲ.

“ಇವತ್ತು ಬಾಯಿ ಬಿಟ್ಟೆ ಅಂತ ನಾನು ಕರಗಿ ಹೋಗ್ತೀನಿ ಅನ್ಕೊಂಡ್ಯಾ? ಐದು ವರ್ಷ ಲೇಟು.”

“ಗೊತ್ತು.”

“ಮದ್ವೆ ಯಾಕಾಗ್ಲಿಲ್ಲ?”

“ಅಮ್ಮ ನಾಕು ಕಡೆ ಹೆಣ್ಣು ನೋಡೋಕೆ ಕರ್ಕೊಂಡೋದ್ಲು. ಎಲ್ಲಾ ಕಡೆ ಮೊದ್ಲು ನೀರು ತಂದಿಡ್ತಾರಲ್ಲ. ಲೋಟ ಕಂಡ ತಕ್ಷಣ ನಿಮ್ಮಪ್ಪನ ಮುಖ ನೆನಪಾಗೋದು. ಎದ್ದು ಬಂದ್ಬಿಡ್ತಿದ್ದೆ.”

ಈ ಮನುಷ್ಯನನ್ನು ಇನ್ನೂ ಪ್ರೀತಿಸುತ್ತಿದ್ದೇನೆ ಎಂಬುದು ಅವಳಿಗೆ ಅಲ್ಲಿಯೇ, ಸ್ಕೂಟಿಯ ಮುಂದೆ, ಯಾವ ಅನುಮಾನವೂ ಇಲ್ಲದೆ ತಿಳಿಯಿತು. ಆದರೆ ಸಿಟ್ಟೂ ಇನ್ನೂ ಅಷ್ಟೇ ಇತ್ತು, ಒಂದು ಇನ್ನೊಂದನ್ನು ಕಡಿಮೆ ಮಾಡಿರಲಿಲ್ಲ.

“ನಂಗೆ ನೀನು ಬೇಕು,” ಎಂದಳು. “ಅದನ್ನ ಮುಚ್ಚಿಡಲ್ಲ. ಆದ್ರೆ ನಿಮ್ಮಮ್ಮ ನಮ್ಮನೆಗೆ ಬಂದು, ನಮ್ಮಪ್ಪನ ಕೈಯಿಂದ ನೀರು ಇಸ್ಕೊಂಡು ಕುಡಿಯೋವರ್ಗೂ ನನ್ನ ಸ್ಕೂಟಿನೂ ಮುಟ್ಬೇಡ.”

ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಮಣಿಕಟ್ಟು ಮುಟ್ಟಿ ನೋಡಿ, ಮೂವತ್ತು ಎಂಎಲ್ ಸುರಿದಳು. ಗೋವಿಂದಮ್ಮ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಳು. ತಾನಾಗಿ ಕೈ ಚಾಚಿದಳು.

“ಕೊಡವ್ವ. ಕುಡೀತೀನಿ.”

ಮೋನಿಷಾ ಕಪ್ಪನ್ನು ಹಿಂದಕ್ಕೆ ಎಳೆದುಕೊಂಡಳು.

“ಇಲ್ಲಿ ಬೇಡ. ಆಸ್ಪತ್ರೇಲಿ ಜೀವಭಯಕ್ಕೆ ಯಾರ ಕೈಯಿಂದಾದ್ರೂ ಕುಡೀತಾರೆ. ಅದು ನಂಗೆ ಬೇಕಾಗಿಲ್ಲ.” ಪಕ್ಕದ ಸಿಸ್ಟರನ್ನು ಕರೆದು ಅವಳ ಕೈಗೆ ಕಪ್ಪು ಕೊಟ್ಟಳು. ಗೋವಿಂದಮ್ಮ ಆ ನೀರನ್ನು ಅಳುತ್ತ ಕುಡಿದಳು. ಮೋನಿಷಾಗೆ ಅಯ್ಯೋ ಎನಿಸಲಿಲ್ಲ. ತಂಪೆನಿಸಿತು.

ಡಿಸ್ಚಾರ್ಜ್ ದಿನ ಎಲ್ಲ ಡಯಾಲಿಸಿಸ್ ಪೇಷೆಂಟುಗಳಿಗೂ ಹೇಳಿಕೊಡುವುದನ್ನು ಅವಳಿಗೂ ಹೇಳಿಕೊಟ್ಟಳು. ಬೆಳಿಗ್ಗೆ ಎದ್ದು ಒಂದು ಬಾಟಲಿಗೆ ಮುಕ್ಕಾಲು ಲೀಟರ್ ತುಂಬಿಡಬೇಕು. ಎಷ್ಟು ಕಾಫಿ, ಎಷ್ಟು ಸಾರು ಕುಡಿದರೋ ಅಷ್ಟು ನೀರನ್ನು ಅದರಿಂದ ಚೆಲ್ಲಬೇಕು. ಬಾಟಲಿ ಖಾಲಿಯಾದರೆ ಆ ದಿನದ ಪಾಲು ಮುಗಿಯಿತು.

“ಎಲ್ಲಿ ಕುಡೀತೀರೋ ನಿಮ್ಮಿಷ್ಟ,” ಎಂದಳು ಕೊನೆಗೆ. “ನಮ್ಮಪ್ಪ ತಂದ ಲೋಟ ನಮ್ಮನೆ ಅಟ್ಟದಲ್ಲಿ ಇನ್ನೂ ಬೋರಲಾಗೇ ಇದೆ.”

ಒಂದು ವಾರ ಕಳೆಯಿತು, ಎರಡಾಯಿತು, ಮೂರಾಯಿತು. ಬರುವುದಿಲ್ಲ ಎಂದು ಮೋನಿಷಾ ತೀರ್ಮಾನಿಸಿದಳು. ಬಂದರೆ ಏನು ಮಾಡಬೇಕೆಂದು ಮಾತ್ರ ದಿನಾ ಯೋಚಿಸುತ್ತಿದ್ದಳು. ಬಾಗಿಲಲ್ಲೇ ನಿಲ್ಲಿಸಿ, ಎದುರಿನ ಅಂಗಡಿ ತೋರಿಸಿ, ಸೋಡಾ ಅಲ್ಲಿ ಸಿಗುತ್ತೆ ಎನ್ನಬೇಕು. ಮಾತನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದಳು.

ನಾಲ್ಕನೆಯ ಭಾನುವಾರ, ನೆತ್ತಿ ಸುಡುವ ಮಧ್ಯಾಹ್ನ, ಬೀದಿಯಲ್ಲಿ ಆಟೊ ನಿಂತಿತು. ಒಂದು ಕೈಯಲ್ಲಿ ಕೆಂಪು ಹೂವಿನ ದಿಂಬನ್ನು ಎದೆಗವಚಿಕೊಂಡು, ಇನ್ನೊಂದರಲ್ಲಿ ಮಗನನ್ನು ಹಿಡಿದು ಗೋವಿಂದಮ್ಮ ಇಳಿದಳು. ಹತ್ತು ಹೆಜ್ಜೆಗೆ ಎರಡು ಸಲ ನಿಂತಳು. ಬಾಗಿಲಿಗೆ ಬಂದು, ಸೂರ್ಯನ ಚೀಲದಿಂದ ಬಾಟಲಿ ತೆಗೆಸಿ ಮೋನಿಷಾಳ ಮುಂದೆ ಹಿಡಿದಳು. ಬಾಟಲಿ ಗೆರೆಯವರೆಗೂ ತುಂಬಿತ್ತು.

“ಬೆಳಿಗ್ಗೆಯಿಂದ ಒಂದು ತೊಟ್ಟೂ ಕುಡಿದಿಲ್ಲ ಕಣವ್ವ. ಕಾಫಿನೂ ಮುಟ್ಟಿಲ್ಲ,” ಎಂದಳು. ನಾಲಿಗೆ ಅಂಗುಳಕ್ಕೆ ಅಂಟಿ ಮಾತು ತೊದಲುತ್ತಿತ್ತು. “ಇವತ್ತಿನ ನನ್ನ ಪಾಲು ಇಲ್ಲೇ ಕುಡೀಬೇಕು ಅಂತ ಬಂದಿದೀನಿ. ಬಾಯಾರಿಕೆ ಆಗಿದೆ.”

ಬಾಯಿಪಾಠ ಮಾಡಿದ ಮಾತು ಮೋನಿಷಾಳ ನಾಲಿಗೆಯ ತುದಿಯಲ್ಲಿತ್ತು. ಎದುರಿನ ಅಂಗಡಿಯೂ ತೆರೆದಿತ್ತು. ಅವಳು ಗೋಡೆಯ ಗಡಿಯಾರ ನೋಡುತ್ತ ಸುಮ್ಮನೆ ನಿಂತಳು. ಒಂದು ನಿಮಿಷ ಪೂರ್ತಿ ಕಾಯಿಸಿದಳು. ಗೋವಿಂದಮ್ಮ ಹೊಸಲಿನಾಚೆ ಬಿಸಿಲಲ್ಲೇ ನಿಂತಿದ್ದಳು, ಹಿಂದೆ ಸರಿಯಲಿಲ್ಲ.

“ಒಳಗೆ ಬನ್ನಿ ತಾಯಿ, ಬಿಸಿಲು,” ಎಂದರು ಹಿಂದಿನಿಂದ ಮುನಿಶಾಮಿ.

ಆಗಲೇ ಅವರು ಅಟ್ಟದಿಂದ ಲೋಟ ಇಳಿಸಿ ತೊಳೆಯುತ್ತಿದ್ದ ಸದ್ದು ಕೇಳಿತ್ತು. ಗೋವಿಂದಮ್ಮ ಅದೇ ಕುರ್ಚಿಯಲ್ಲಿ, ಈ ಸಲ ಪೂರ್ತಿ ಒರಗಿ ಕೂತಳು. ಮುನಿಶಾಮಿ ಎರಡು ಕೈಯಲ್ಲಿ ಲೋಟ ತಂದರು, ಅವಳು ಎರಡು ಕೈಯಲ್ಲಿ ಇಸಿದುಕೊಂಡಳು. ಮೊದಲ ಗುಟುಕಿಗೇ ಅವಳ ಕಣ್ಣಲ್ಲಿ ನೀರು ಬಂತು. ಆಮೇಲೆ ಉಸಿರು ಬಿಡದೆ ಕುಡಿಯತೊಡಗಿದಳು. ಮುನಿಶಾಮಿ ಮುಖ ತಿರುಗಿಸಿ ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡರು.

ಅರ್ಧ ಲೋಟಕ್ಕೆ ಮೋನಿಷಾ ಮುಂದೆ ಬಗ್ಗಿ, ಅವಳ ಎಡ ಮಣಿಕಟ್ಟು ಹಿಡಿದಳು. ಬೆರಳಡಿ ರಕ್ತ ಝುಮ್ಮೆನ್ನುತ್ತಿತ್ತು.

“ಸಾಕು ಅತ್ತೆ. ಮಿಕ್ಕಿದ್ದು ಸಂಜೆಗೆ.”

ಗೋವಿಂದಮ್ಮ ಲೋಟ ಕೆಳಗಿಟ್ಟಳು. ಇಟ್ಟು, ತನ್ನ ಮಣಿಕಟ್ಟನ್ನು ಹಿಡಿದಿದ್ದ ಕೈಯನ್ನು ಹಿಡಿದುಕೊಂಡಳು.

ಬಾಗಿಲಲ್ಲಿ ನಿಂತು ಕಣ್ಣು ಮಿಟುಕಿಸದೆ ನೋಡುತ್ತಿದ್ದ ಸೂರ್ಯನ ಕಡೆ ಮೋನಿಷಾ ತಿರುಗಿದಳು. ಎರಡನೆಯ ಲೋಟ ತುಂಬಿ ಅವನ ಮುಂದೆ ಹಿಡಿದಳು. ಅವನು ಒಂದೇ ಗುಟುಕಿಗೆ ಖಾಲಿ ಮಾಡಿ ನಕ್ಕ. ಅವಳು ನಗಲಿಲ್ಲ, ಮತ್ತೆ ತುಂಬಿದಳು.

“ಇನ್ನೊಂದಾ?”

“ವರ್ಷಕ್ಕೊಂದು. ಐದು.”

ಮೂರನೆಯದಕ್ಕೆ ಅವನು ಗೋಡೆಗೆ ಒರಗಿದ. “ಮೋನಿ, ಹೊಟ್ಟೆ ಒಡೆದೋಗುತ್ತೆ ಕಣೆ.”

“ಒಡೀಲಿ. ಹೊಲಿಯೋಕೆ ಬರುತ್ತಲ್ಲ ನಿಂಗೆ.”

ಅವನು ಕಾಪಾಡು ಎನ್ನುವಂತೆ ಅಮ್ಮನ ಮುಖ ನೋಡಿದ. ಗೋವಿಂದಮ್ಮ ಬೀರಿದ ನೋಟ ಈ ಸಲ ಬೇರೆಯೇ ಇತ್ತು. ಅವಳ ಕಣ್ಣು ಮಗನ ಕೈಯಲ್ಲಿದ್ದ ನೀರಿನ ಮೇಲಿತ್ತು, ಒಣ ತುಟಿಯನ್ನು ನಾಲಿಗೆಯಿಂದ ಸವರಿಕೊಂಡಳು.

“ಕುಡಿಯೋ ಮಗಾ,” ಎಂದಳು. “ನಂದೂ ಸೇರಿಸಿ ನೀನೇ ಕುಡಿ.”

ಸೂರ್ಯ ನಾಲ್ಕನೆಯ ಲೋಟಕ್ಕೆ ಕೈ ಚಾಚಿದ.